ಅಟ್ಟದ ಮೇಲಿನ ಪೇಟಿ

2025ರ ಜೂನ್ ತಿಂಗಳಲ್ಲಿ ನಮ್ಮ ತಂಗಿ ಕ್ಯಾಲಿಫೋರ್ನಿಯಾದಿಂದ ಮಗಳನ್ನು ಕರೆದುಕೊಂಡು ಸುಳ್ಳಕ್ಕೆ ಬಂದಳು. ಆರು ವರ್ಷಗಳ ಮೇಲೆ ಬಂದಿದ್ದಳು. ಹೋದ ಸಲ ಅಂಗಳದಲ್ಲಿ ಕೋಳಿಮರಿಗಳ ಹಿಂದೆ ಓಡುತ್ತಿದ್ದ ಹುಡುಗಿಗೆ ಈಗ ಹದಿನಾರು ತುಂಬಿತ್ತು. ಮುಂಗಾರು ಹಿಡಿದಿತ್ತು. ಹೆಸರು ಬಿತ್ತಿದ ಎರಿ ಹೊಲಗಳಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುವಂತಹ ಕೆಸರು. ಹುಬ್ಬಳ್ಳಿಯ ಕೇಶ್ವಾಪುರ ದಾಟಿ ಬಂದ ಕಾರು ಮನೆ ಮುಂದೆ ನಿಂತಾಗ ಎರಡು ಸೂಟ್‌ಕೇಸುಗಳ ಜೊತೆ ಉದ್ದನೆಯ ಒಂದು ಕರಿ ಪೆಟ್ಟಿಗೆಯೂ ಇಳಿಯಿತು. ಅದರಲ್ಲಿ ಬಂದೂಕು ಇರಬೇಕೆಂದು ಓಣಿಯ ಹುಡುಗರು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಅದು ಸರೋದ್ ಆಗಿತ್ತು. ಮಗ್ರಿಬ್ ನಮಾಜು ಮುಗಿದ ಮೇಲೆ ಹುಡುಗಿ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಕಾಲು ಮಡಚಿ ಕೂತು, ಬಹಳ ಹೊತ್ತು ತಂತಿಗಳನ್ನು ಶ್ರುತಿ ಮಾಡಿಕೊಂಡಳು. ಆಮೇಲೆ ಯಮನ್ ನುಡಿಸಿದಳು. ನಾವು ಮೂವರು ಅಣ್ಣತಮ್ಮಂದಿರು. ಒಬ್ಬ ಹೊಲ ನೋಡಿಕೊಳ್ಳುತ್ತಾನೆ, ಒಬ್ಬ ಶಾಲಾ ಮಾಸ್ತರ, ಒಬ್ಬನದು ಹುಬ್ಬಳ್ಳಿಯಲ್ಲಿ ಅಂಗಡಿ. ಸಂಗೀತ ಬಲ್ಲವರು ಯಾರೂ ಅಲ್ಲ. ಆದರೂ ಹುಡುಗಿ ನುಡಿಸುವಾಗ ನಾವು ಮಾತಾಡಲಿಲ್ಲ.

“ಯಾರು ಕಲಿಸಿದ್ರು ಬೇಟಾ?” ಎಂದು ಕೇಳಿದೆವು.

ಕಲಿಸಿದವರು ಅಮೆರಿಕದ ಒಬ್ಬ ಹೆಂಗಸು, ಅರವತ್ತು ದಾಟಿದವರು. ಅವರು ಅಲಿ ಅಕ್ಬರ್ ಖಾನ್ ಸಾಹೇಬರ ಬಳಿ ಇಪ್ಪತ್ತು ವರ್ಷ ಕಲಿತವರು ಎಂದಳು. ಖಾನ್ ಸಾಹೇಬ್ ಎಂದು ಹೇಳುವಾಗ ಹುಡುಗಿ ಬಲಗೈಯಿಂದ ಕಿವಿ ಮುಟ್ಟಿಕೊಂಡಳು. ಗುರುವಿನ ಹೆಸರೆತ್ತುವಾಗ ಹೀಗೆ ಕಿವಿ ಮುಟ್ಟಿಕೊಳ್ಳುವುದು ಸಂಗೀತದವರ ರೂಢಿ. ಆ ರೂಢಿಯನ್ನು ಅವಳು ಸಮುದ್ರದ ಆಚೆ, ಬೇರೊಂದು ಧರ್ಮದ, ಬೇರೊಂದು ಬಣ್ಣದ ಗುರುವಿನಿಂದ ಕಲಿತಿದ್ದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಚಾಚಾ ನೆನಪಾಗಿದ್ದರು. ಅಬ್ದುಲ್ ಕರೀಂ ಖಾನರ ಹೆಸರು ಬಂದಾಗಲೆಲ್ಲ ಚಾಚಾ ಹೀಗೆಯೇ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಅವರ ಕಾಲದ ನಂತರ ಈ ಮನೆಯಲ್ಲಿ ಹಾಗೆ ಮಾಡಿದವರು ಇರಲಿಲ್ಲ.

ಚಾಚಾ ಎಂದರೆ ನಮ್ಮ ಅಬ್ಬಾನ ಕೊನೆಯ ತಮ್ಮ. ಪ್ರಾಯದಲ್ಲಿ ನಾಲ್ಕೈದು ವರ್ಷ ಒಂದು ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದವರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಕಂಪನಿ ಬಿಟ್ಟು ಊರಿಗೆ ಬಂದಾಗ ಅವರ ಹತ್ತಿರ ಆ ಪೇಟಿಯೊಂದು ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಹಗಲು ನಮ್ಮ ಹೊಲದಲ್ಲಿ ದುಡಿಯುತ್ತಿದ್ದರು. ಶನಿವಾರ ರಾತ್ರಿ ಹಣಮಪ್ಪನ ಗುಡಿಯ ಭಜನೆಗೆ ಪೇಟಿ ಹೊತ್ತುಕೊಂಡು ಹೋಗುತ್ತಿದ್ದರು. ಮೊಹರಂ ಬಂದರೆ ರಿವಾಯತ ಪದದ ಮೇಳಕ್ಕೆ ಅವರೇ ಮುಂದಾಳು. ಕರ್ಬಲಾದಲ್ಲಿ ನೀರಿಲ್ಲದೆ ಬಳಲಿದ ಮಕ್ಕಳ ಕಥೆಯನ್ನು ಕನ್ನಡದಲ್ಲಿ ಕಟ್ಟಿ ಹಾಡುವಾಗ ಮೇಳದಲ್ಲಿ ಲಿಂಗಾಯತರು, ಕುರುಬರು, ತಳವಾರರು, ನಮ್ಮವರು ಎಲ್ಲರೂ ಇರುತ್ತಿದ್ದರು. ಯಾರದು ಯಾವ ಜಾತಿ ಎಂದು ಆ ಹತ್ತು ದಿನ ಯಾರೂ ಕೇಳುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಕೇಳಿದರೂ ಹಾಡು ನಿಲ್ಲುತ್ತಿರಲಿಲ್ಲ, ಅಷ್ಟು ನಿಜ.

ಚಾಚಾ 1998ರಲ್ಲಿ ತೀರಿಕೊಂಡರು. ಪೇಟಿ ಅಟ್ಟ ಸೇರಿತು. ಅದರ ಮೇಲೆ ಜೋಳದ ಖಾಲಿ ಚೀಲಗಳು ಬಿದ್ದವು.

ಸರೋದ್ ನುಡಿಸಿದ ಮರುದಿನ ಹುಡುಗಿ ಕೇಳಿದಳು: “ಮಾಮು, ಈ ಮನೆಯೊಳಗ ಒಂದು ಹಾರ್ಮೋನಿಯಂ ಐತಂತ ಅಮ್ಮಿ ಹೇಳತಿದ್ಲು. ಅದು ಎಲ್ಲೈತಿ?”

ಅಟ್ಟ ಹತ್ತಿ ಇಳಿಸಿದೆವು. ತಿದಿಯನ್ನು ಇಲಿ ಕಡಿದಿತ್ತು. ಬಿಳಿ ಪಟ್ಟಿಗಳಲ್ಲಿ ಮೂರು ಇರಲಿಲ್ಲ. ಮುಚ್ಚಳದ ಒಳಗೆ ಚಾಚಾ ಸೀಸದ ಕಡ್ಡಿಯಲ್ಲಿ ಬರೆದಿದ್ದ ಏನೋ ಲೆಕ್ಕ ಮಾತ್ರ ಹಾಗೆಯೇ ಇತ್ತು. ಹುಡುಗಿ ಏನೂ ಅನ್ನಲಿಲ್ಲ. ದಾವಣಿಯ ಸೆರಗಿನಿಂದ ಧೂಳು ಒರೆಸತೊಡಗಿದಳು. ನಮ್ಮ ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖ ನೋಡಲು ನಮಗೆ ಆಗಲಿಲ್ಲ. ಅದಕ್ಕೆ ಕಾರಣ ಇದೆ.

1990ರಲ್ಲಿ ತಂಗಿಗೆ ಹದಿನೈದು ವರ್ಷ. ಚಾಚಾ ಪೇಟಿ ಹಿಡಿದು ಕೂತರೆ ಅವಳು ಅಡುಗೆಮನೆಯ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಒಮ್ಮೆ ಕೇಳಿದ ಧಾಟಿ ಅವಳಿಗೆ ಮರೆಯುತ್ತಿರಲಿಲ್ಲ. ಇವಳಿಗೆ ಕಿವಿ ಇದೆ, ಕಲಿಸುತ್ತೇನೆ ಎಂದು ಚಾಚಾ ಹೇಳಿದರು. ನಾಲ್ಕು ದಿನ ಪಾಠವೂ ನಡೆಯಿತು. ಐದನೆಯ ದಿನ ಅಬ್ಬಾಗೆ ಗೊತ್ತಾಯಿತು. ಮನೆತನಸ್ಥರ ಮಗಳು ಪೇಟಿ ಬಾರಿಸುವುದಿಲ್ಲ ಎಂದು ಅಬ್ಬಾ ಕಡ್ಡಿ ಮುರಿದಂತೆ ಹೇಳಿದರು. ಚಾಚಾ ತಲೆ ತಗ್ಗಿಸಿ ಎದ್ದು ಹೋದರು.

ಸಂಗೀತದ ಬಗ್ಗೆ ನಮ್ಮ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯ ಇದೆ. ಚಿಶ್ತಿ ಸೂಫಿಗಳು ಸಮಾ ಎಂಬ ಹಾಡಿನ ಕೂಟವನ್ನು ಒಪ್ಪಿದರು, ಒಪ್ಪದವರೂ ಅನೇಕರಿದ್ದರು. ಅದನ್ನು ಇತ್ಯರ್ಥ ಮಾಡಲು ನಾವು ಯಾರೂ ಅಲ್ಲ. ಆದರೆ ಅಬ್ಬಾನ ನಿರಾಕರಣೆ ದೀನಿನ ಮಾತಾಗಿರಲಿಲ್ಲ. ದೀನಿನ ಮಾತಾಗಿದ್ದರೆ ಅದು ರೇಡಿಯೋಗೂ ಅನ್ವಯಿಸಬೇಕಿತ್ತು. ನಮ್ಮ ವಿಜಾಪುರದ ಕಡೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ ಹಾಡು ಬಂದರೆ ಅಬ್ಬಾ ರೇಡಿಯೋದ ಧ್ವನಿ ಏರಿಸುತ್ತಿದ್ದರು. ಗಂಡುಮಕ್ಕಳಾದ ನಾವು ಪೇಟಿ ಮುಟ್ಟಿದರೆ ಬೈಯುತ್ತಿರಲಿಲ್ಲ. ಅವರಿಗೆ ಇದ್ದದ್ದು ಜನ ಏನೆಂದಾರು ಎಂಬ ಅಂಜಿಕೆ. ಹಾಡುವ ಹೆಂಗಸನ್ನು ಊರು ಯಾವ ಕಣ್ಣಿನಿಂದ ನೋಡುತ್ತದೆಂದು ಅವರಿಗೆ ಗೊತ್ತಿತ್ತು.

ನಾವು ಮೂವರೂ ಆಗ ಮೀಸೆ ಮೂಡಿದ ಹುಡುಗರು. ಒಬ್ಬನಂತೂ ಧಾರವಾಡದ ಕಾಲೇಜಿನಲ್ಲಿ ಓದುತ್ತ, ಸಮಾನತೆಯ ಬಗ್ಗೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತಂದಿದ್ದ. ಅಬ್ಬಾನ ಎದುರು ಒಬ್ಬರೂ ಬಾಯಿ ಬಿಡಲಿಲ್ಲ. ಮಾತಾಡಿದ್ದರೆ ಅಬ್ಬಾ ಕೇಳುತ್ತಿದ್ದರೋ ಇಲ್ಲವೋ ಬೇರೆ ವಿಷಯ. ನಾವು ಮಾತಾಡಲಿಲ್ಲ ಎಂಬುದು ಈ ಕಥೆಯಲ್ಲಿ ನಮ್ಮ ಪಾಲು.

ತಂಗಿ 2000ದಲ್ಲಿ ಮದುವೆಯಾಗಿ ಅಮೆರಿಕಕ್ಕೆ ಹೋದಳು. ಮಗಳಿಗೆ ಎಂಟು ವರ್ಷವಾದಾಗ ಸಂಗೀತಕ್ಕೆ ಹಾಕಿದಳು. ಸರೋದನ್ನೇ ಏಕೆ ಆರಿಸಿದೆ ಎಂದು ನಾವು ಕೇಳಿದಾಗ ಆಕೆ ಹೇಳಿದ್ದು ಇಷ್ಟೇ: “ಆರಿಸಲಿಕ್ಕೆ ಏನೈತಿ? ಮನಿ ಹತ್ರ ಕಲಿಸವ್ರು ಯಾರಿದ್ರೋ ಅವರ ಹತ್ರ ಹಾಕಿದೆ.”

ಈ ಮಾತು ಅಂದು ಸಾಧಾರಣ ಅನ್ನಿಸಿತು. ಆಮೇಲೆ ಯೋಚಿಸುತ್ತ ಹೋದಂತೆ ಎಲ್ಲವೂ ಈ ಮಾತಿನಲ್ಲೇ ಇದೆ ಅನ್ನಿಸತೊಡಗಿತು. ಮನೆಯ ಹತ್ತಿರ ಕಲಿಸುವವರು ಇದ್ದರು. ಹೇಗೆ ಇದ್ದರು?

ನಮ್ಮ ಸಂಗೀತ ಪರದೇಶಕ್ಕೆ ಹೋದ ಕಥೆಯನ್ನು ನಾವು ಸಾಮಾನ್ಯವಾಗಿ ಕಛೇರಿಗಳ ಕಥೆಯಾಗಿ ಹೇಳುತ್ತೇವೆ. ಕಛೇರಿಗಳು ದೊಡ್ಡವೇ. 1955ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರ ಕರೆಯ ಮೇಲೆ ಅಲಿ ಅಕ್ಬರ್ ಖಾನರು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಸರೋದ್ ನುಡಿಸಿದರು. ತಬಲಾದಲ್ಲಿ ಚತುರ್‌ಲಾಲ್ ಇದ್ದರು. ಆಮೇಲೆ ರವಿಶಂಕರರ ಸಿತಾರು ಅಮೆರಿಕದ ಯುವಕರಿಗೆ ಹುಚ್ಚು ಹಿಡಿಸಿತು. ಆದರೆ ಹುಚ್ಚು ಇಳಿಯುತ್ತದೆ. ಕಛೇರಿ ಮುಗಿದ ಮೇಲೆ ಚಪ್ಪಾಳೆ ಹೊಡೆದವರು ಮನೆಗೆ ಹೋಗುತ್ತಾರೆ, ನುಡಿಸಿದವರು ವಿಮಾನ ಹತ್ತುತ್ತಾರೆ.

ಅಲಿ ಅಕ್ಬರ್ ಖಾನರು ಅಲ್ಲೇ ಉಳಿದರು. 1967ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸಂಗೀತ ಕಾಲೇಜು ತೆರೆದರು. ಮರುವರ್ಷ ಅದು ಅಲ್ಲೇ ಹತ್ತಿರದ ಮರೀನ್ ಕೌಂಟಿಗೆ ಹೋಯಿತು, ಮುಂದೆ ಸ್ಯಾನ್ ರಫೇಲ್ ಊರಿನಲ್ಲಿ ನೆಲೆ ನಿಂತಿತು. 1985ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಅದರ ಶಾಖೆ ಶುರುವಾಯಿತು. 2009ರಲ್ಲಿ ತೀರಿಕೊಳ್ಳುವವರೆಗೆ, ನಾಲ್ಕು ದಶಕ, ಅವರು ಅಲ್ಲಿನ ಮಕ್ಕಳಿಗೆ ಸಾ ರೆ ಗ ಮ ಹೇಳಿಕೊಟ್ಟರು. ನಮ್ಮ ಹುಡುಗಿಯ ಗುರುವನ್ನು ಸಿದ್ಧಮಾಡಿದ್ದು ನ್ಯೂಯಾರ್ಕಿನ ಆ ಒಂದು ಸಂಜೆಯಲ್ಲ, ಈ ನಲವತ್ತು ವರ್ಷ.

ಬೇರೆ ಕಡೆಯೂ ನಡೆದದ್ದು ಇದೇ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಮ್ಯಾಂಟಲ್ ಹುಡ್ ಎಂಬ ವಿದ್ವಾಂಸರು 1950ರ ದಶಕದಲ್ಲೇ ಇಂಡೋನೇಷ್ಯಾದ ಗ್ಯಾಮೆಲಾನ್ ತಂದು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಗ್ಯಾಮೆಲಾನ್ ಎಂದರೆ ಕಂಚಿನ ಗಂಟೆ, ತಟ್ಟೆಗಳನ್ನು ಹತ್ತಾರು ಮಂದಿ ಸೇರಿ ಬಾರಿಸುವ ಮೇಳ. ಒಂದು ನಾಡಿನ ಸಂಗೀತವನ್ನು ತಿಳಿಯಬೇಕಾದರೆ ಅದರ ಬಗ್ಗೆ ಓದಿದರೆ ಸಾಲದು, ಅದನ್ನು ನುಡಿಸಲು ಕಲಿಯಬೇಕು ಎಂಬುದು ಅವರ ಪಟ್ಟು. ಅಮೆರಿಕದ ಇನ್ನೊಂದು ತುದಿಯ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ 1963ರಲ್ಲಿ ಮೃದಂಗದ ಟಿ. ರಂಗನಾಥನ್ ಗುರುವಾಗಿ ಹೋದರು. ಅವರಲ್ಲಿ, ಅವರ ತಮ್ಮ ವಿಶ್ವನಾಥನ್ ಅವರಲ್ಲಿ ಕಲಿತ ಜಾನ್ ಹಿಗಿನ್ಸ್ ಎಂಬ ಅಮೆರಿಕದ ತರುಣ ಮುಂದೆ ಹಿಗಿನ್ಸ್ ಭಾಗವತರ್ ಎನಿಸಿ, ನಮ್ಮ ದಾಸರ ಪದಗಳನ್ನೂ ಹಾಡಿದರು.

ನಮ್ಮವರೇ ಆದ ರಾಜೀವ್ ತಾರಾನಾಥರು ಈ ಸಾಲಿನಲ್ಲಿ ಮುಖ್ಯರು. ಅವರ ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ತೆರೆದ ಶಾಲೆಗೆ ಹಮ್‌ದರ್ದ್ ಎಂಬ ಹೆಸರಿತ್ತು. ಉರ್ದು ಬಲ್ಲವರಿಗೆ ಆ ಹೆಸರಿನ ಅರ್ಥ ಹೇಳಬೇಕಿಲ್ಲ. ಅನ್ಯರ ನೋವಿನಲ್ಲಿ ಪಾಲು ಪಡೆಯುವವನು ಹಮ್‌ದರ್ದ್. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದ ರಾಜೀವರು ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಅವರ ಶಿಷ್ಯರಾದರು. 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯಾದ ಕಲಾ ಸಂಸ್ಥೆಯೊಂದರಲ್ಲಿ, ಕ್ಯಾಲ್‌ಆರ್ಟ್ಸ್ ಎನ್ನುತ್ತಾರೆ ಅದಕ್ಕೆ, ಭಾರತೀಯ ಸಂಗೀತ ಕಲಿಸಿದರು. ಆಮೇಲೆ ಮೈಸೂರಿನಲ್ಲಿ ನೆಲೆಸಿ 2024ರ ಜೂನ್‌ನಲ್ಲಿ ತೀರಿಕೊಳ್ಳುವವರೆಗೂ ಕಲಿಸುವುದನ್ನು ಬಿಡಲಿಲ್ಲ. ಬಂಗಾಳದ ಮುಸ್ಲಿಂ ಮನೆಯೊಂದರಿಂದ ಹೊರಟ ವಿದ್ಯೆ ಕನ್ನಡದ ಒಬ್ಬರ ಕೈಯಿಂದ ಅಮೆರಿಕದ ಮಕ್ಕಳಿಗೆ ಸೇರಿತು. ಸರೋದ್ ತಾನೂ ಅಫ್ಘಾನಿಸ್ತಾನದ ರಬಾಬಿನ ಸಂತತಿ. ಇದರಲ್ಲಿ ಸ್ವದೇಶ ಯಾವುದು, ಪರದೇಶ ಯಾವುದು?

ನಮ್ಮ ಅಟ್ಟದ ಪೇಟಿಗೂ ಇದೇ ಪ್ರಶ್ನೆ. ಹಾರ್ಮೋನಿಯಂ ಹುಟ್ಟಿದ್ದು ನಮ್ಮಲ್ಲಲ್ಲ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ದೆಬೆ ಎಂಬಾತ ಅದರ ಹಕ್ಕುಪತ್ರ ಪಡೆದ. ಕಾಲಿನಿಂದ ತಿದಿ ಒತ್ತುವ ಆ ವಾದ್ಯವನ್ನು ಕಲ್ಕತ್ತದವರು ಕೈಯಿಂದ ಒತ್ತುವಂತೆ, ನೆಲದ ಮೇಲೆ ಕೂತು ಬಾರಿಸುವಂತೆ ಮಾಡಿದರು. ಇದು ಪರದೇಶಿ, ಇದರಲ್ಲಿ ನಮ್ಮ ಶ್ರುತಿ ಬರುವುದಿಲ್ಲ ಎಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಅಷ್ಟರಲ್ಲಿ ಅದು ನಾಟಕ ಕಂಪನಿ, ಭಜನೆ, ಕವ್ವಾಲಿ ಎಲ್ಲ ಕಡೆ ಸೇರಿ ಊರಿನದೇ ಆಗಿಹೋಗಿತ್ತು.

ಇನ್ನೂ ಸ್ವಲ್ಪ ಹಿಂದೆ ಹೋದರೆ, ನಾವು ಹೆಮ್ಮೆಯಿಂದ ನಮ್ಮದು ಎನ್ನುವ ಹುಬ್ಬಳ್ಳಿ-ಧಾರವಾಡದ ಸಂಗೀತವೇ ಹೊರಗಿನಿಂದ ಬಂದದ್ದು. ನೂರಿಪ್ಪತ್ತು ವರ್ಷಗಳ ಹಿಂದೆ ಹಿಂದುಸ್ತಾನಿ ಗಾಯನಕ್ಕೆ ಈ ನಾಡು ಪರದೇಶವಾಗಿತ್ತು. ಇಲ್ಲಿ ಕರ್ನಾಟಕ ಸಂಗೀತ ಇತ್ತು, ಹಳ್ಳಿಗಳಲ್ಲಿ ನಮ್ಮ ಪದಗಳಿದ್ದವು. ಅಬ್ದುಲ್ ಕರೀಂ ಖಾನರು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನವರು. ಅವರ ಪರಂಪರೆಗೆ ಕಿರಾನಾ ಘರಾಣೆ ಎಂಬ ಹೆಸರು ಬಂದದ್ದು ಆ ಊರಿನಿಂದ. ಮೈಸೂರು ಅರಮನೆಗೆ ಹೋಗಿಬರುವಾಗ ಅವರು ಧಾರವಾಡದಲ್ಲಿ ತಂಗುತ್ತಿದ್ದರು. ಬರೀ ಹಾಡಿ ಹೋಗಿದ್ದರೆ ಇಷ್ಟು ಹೊತ್ತಿಗೆ ಅವರನ್ನು ಮರೆತಿರುತ್ತಿದ್ದೆವು. ಅವರು ಕಲಿಸಿದರು. ಕುಂದಗೋಳದ ರಾಮಭಾವು ಎಂಬ ಹುಡುಗ ಅವರ ಹಿಂದೆ ವರ್ಷಗಟ್ಟಲೆ ಇದ್ದು ಕಲಿತು ಸವಾಯಿ ಗಂಧರ್ವ ಆದರು. ಆ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಬಂದರು. ಸಿತಾರಿನ ರಹಿಮತ್ ಖಾನರು ಕೂಡ ಹೊರಗಿನಿಂದ ಧಾರವಾಡಕ್ಕೆ ಬಂದು ನೆಲೆಸಿ ಸಂಗೀತ ಶಾಲೆ ತೆರೆದರು. ಅವರ ಮೊಮ್ಮಗ ಬಾಲೇಖಾನರು 2007ರಲ್ಲಿ ತೀರಿಕೊಳ್ಳುವವರೆಗೂ ಧಾರವಾಡದ ಸಿತಾರಿನ ದೊಡ್ಡ ಹೆಸರು. ಮನ್ಸೂರರು ಕಲಿತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್, ಭುರ್ಜಿಖಾನರಲ್ಲಿ. ಲಿಂಗಾಯತ ಹುಡುಗನಿಗೆ ಮುಸ್ಲಿಂ ಗುರು, ಬ್ರಾಹ್ಮಣ ಗುರುವಿಗೆ ಕೆಳಜಾತಿಯ ಶಿಷ್ಯೆ. ನಮ್ಮ ಹುಡುಗಿ ಅಮೆರಿಕದಲ್ಲಿ ಕಂಡದ್ದು ನಮ್ಮ ಹಿರಿಯರು ಧಾರವಾಡದಲ್ಲಿ ಕಂಡದ್ದೇ.

ಗಂಗೂಬಾಯಿಯವರ ಕಥೆಯನ್ನು ತಂಗಿಯ ಎದುರು ಹೇಳುವಾಗ ನಮಗೆ ಗಂಟಲು ಕಟ್ಟಿತು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಅವರ ಹಾಡನ್ನು ಕೇಳಲು ಅಬ್ದುಲ್ ಕರೀಂ ಖಾನರೂ ಬರುತ್ತಿದ್ದರಂತೆ. ಮಗಳ ಹಿಂದುಸ್ತಾನಿ ಗಾಯನದಲ್ಲಿ ತನ್ನದು ಬೆರೆಯಬಾರದೆಂದು ಆ ತಾಯಿ ತಾನು ಹಾಡುವುದನ್ನೇ ನಿಲ್ಲಿಸಿದರು. ಮಗಳು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಜನರ ಕೊಂಕುಮಾತು ಕೇಳಿದರು, ಬಿಡಲಿಲ್ಲ. ಗಂಡಸು ಹಾಡಿದರೆ ಮುಸಲ್ಮಾನನಾದರೆ ಉಸ್ತಾದ್, ಹಿಂದೂವಾದರೆ ಪಂಡಿತ್, ಹೆಂಗಸು ಮಾತ್ರ ಎಷ್ಟು ದೊಡ್ಡವಳಾದರೂ ಬಾಯಿ ಎಂಬ ಅರ್ಥದ ಅವರ ಮಾತು ಪ್ರಸಿದ್ಧವಾಗಿದೆ. ಆ ರೈಲು ಓಡಾಡಿದ ಹುಬ್ಬಳ್ಳಿಯ ಪಕ್ಕದಲ್ಲೇ ನಮ್ಮ ಊರು. ಒಂದು ಮನೆಯಲ್ಲಿ ತಾಯಿ ಮಗಳಿಗಾಗಿ ತನ್ನ ಹಾಡು ಬಿಟ್ಟಳು. ಇನ್ನೊಂದು ಮನೆಯಲ್ಲಿ, ಅರವತ್ತು ವರ್ಷಗಳ ನಂತರ, ಮಗಳ ಹಾಡನ್ನು ಬಿಡಿಸಲಾಯಿತು, ಅಣ್ಣಂದಿರು ನೋಡುತ್ತ ನಿಂತರು.

ತಂಗಿ ಇದನ್ನೆಲ್ಲ ಕೇಳಿ, “ಹೋಗ್ಲಿ ಬಿಡ್ರಿ ಭಾಯಿ, ಅಬ್ಬಾ ಈಗಿಲ್ಲ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮುರುಕಲು ಪೇಟಿಯ ಮುಂದೆ ಕೂತಳು. ಒಂದು ಕೈಯಿಂದ ಹರಿದ ತಿದಿಗೆ ಬಟ್ಟೆ ಒತ್ತಿ ಹಿಡಿಯುವಂತೆ ಮಗಳಿಗೆ ಹೇಳಿದಳು. ಬಲಗೈ ಬೆರಳುಗಳನ್ನು ಪಟ್ಟಿಗಳ ಮೇಲಿಟ್ಟು ಭೂಪದ ಐದು ಸ್ವರಗಳನ್ನು ಏರುತ್ತ ಒಮ್ಮೆ, ಇಳಿಯುತ್ತ ಒಮ್ಮೆ ಬಾರಿಸಿದಳು. ಒಂದು ಸ್ವರ ಹೊರಡಲಿಲ್ಲ, ಆ ಜಾಗವನ್ನು ಬಾಯಿಯಿಂದ ತುಂಬಿದಳು. ನಾಲ್ಕು ದಿನದ ಪಾಠ ಮೂವತ್ತೈದು ವರ್ಷ ಬೆರಳಿನಲ್ಲಿ ಉಳಿದಿತ್ತು.

ಮೊಹರಂ ತಿಂಗಳು ಹುಟ್ಟಲು ಕೆಲವೇ ದಿನಗಳಿದ್ದವು. ಹುಡುಗಿಗೆ ರಿವಾಯತ ಪದ ಕೇಳಬೇಕೆಂಬ ಆಸೆ. ಚಾಚಾನ ಮೇಳದಲ್ಲಿ ಬದುಕಿರುವವರು ಒಬ್ಬರೇ, ನಮ್ಮ ಓಣಿಯ ಒಬ್ಬ ಲಿಂಗಾಯತ ಹಿರಿಯರು. ಎಂಬತ್ತರ ಹತ್ತಿರ ವಯಸ್ಸು. ನಾಲ್ಕು ವರ್ಷಗಳಿಂದ ಮೇಳ ಕಟ್ಟಿರಲಿಲ್ಲ. ಮೇಳದ ಬದಲು ದೊಡ್ಡ ಸ್ಪೀಕರು ಬಂದಿತ್ತು. ನಮ್ಮವರಲ್ಲೂ ಕೆಲವರು ಇದೆಲ್ಲ ಬೇಡ ಎನ್ನುತ್ತಿದ್ದರು, ಆ ಕಡೆಯ ಕೆಲವರು ನಮ್ಮ ಹಬ್ಬಕ್ಕೆ ನೀವೇಕೆ ಹೋಗುತ್ತೀರಿ ಎಂದು ತಮ್ಮ ಹುಡುಗರಿಗೆ ಹೇಳುತ್ತಿದ್ದರು. ಎರಡೂ ಕಡೆಯಿಂದ ಎಳೆದರೆ ಹಗ್ಗ ಹರಿಯದೆ ಇರುತ್ತದೆಯೇ?

ಹುಡುಗಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆವು. ಅವಳು ಮೊಬೈಲ್ ತೆಗೆದು ಧ್ವನಿಮುದ್ರಣಕ್ಕೆ ಇಟ್ಟಳು. ಅಜ್ಜ ಅದನ್ನು ನೋಡಿ ನಕ್ಕರು.

“ಅದನ್ನ ಒಳಗಿಡವಾ ತಂಗಿ. ಅದಕ್ಕ ಹೇಳಿಕೊಟ್ರ ಅದು ಕಲೀತೈತಿ, ನೀ ಕಲಿಯೂದುಲ್ಲ.”

“ನನಗ ಮೂರು ವಾರ ಅಷ್ಟ ಐತ್ರಿ ಅಜ್ಜಾರ. ಆಮ್ಯಾಲೆ ಹೋಗಬೇಕು.”

“ಮೂರು ವಾರದಾಗ ಒಂದು ಪದ ಬರ್ತೈತಿ. ಒಂದು ಸಾಕು. ಹತ್ತು ಪದ ಅರ್ಧ ಮರ್ಧ ಬ್ಯಾಡ.”

ದಿನಾ ಸಂಜೆ ಪಾಠ ನಡೆಯಿತು. ಅಜ್ಜ ಒಂದು ಸಾಲು ಹೇಳುವುದು, ಅವಳು ಹೇಳುವುದು. ಅವಳ ಕನ್ನಡದ ಳ ಕಾರ ನೆಟ್ಟಗಾಗಲು ಎರಡು ದಿನ ಬೇಕಾಯಿತು. ಕಾಲಿನ ಹೆಜ್ಜೆ ಹೊಂದಲು ಒಂದು ವಾರ. ಅಮೆರಿಕದ ಹುಡುಗಿ ಹಾಡುತ್ತಾಳಂತೆ ಎಂದು ನೋಡಲು ಬಂದ ಓಣಿಯ ಮಕ್ಕಳು ಕಟ್ಟೆಯ ಮೇಲೆ ಕೂತರು. ಮೂರನೆಯ ದಿನ ಅವರಲ್ಲಿ ಒಬ್ಬಳು ಸಾಲನ್ನು ಹುಡುಗಿಗಿಂತ ಚೆನ್ನಾಗಿ ಹೇಳಿದಳು. ಅಜ್ಜ ಅವಳನ್ನೂ ಒಳಗೆ ಕರೆದರು. ವಾರದೊಳಗೆ ಆರು ಮಕ್ಕಳಾದರು, ನಾಲ್ಕು ಹೆಣ್ಣು, ಎರಡು ಗಂಡು. ಯಾರ ಯಾರ ಮನೆಯ ಮಕ್ಕಳು ಎಂದು ಇಲ್ಲಿ ಬರೆಯುವುದು ಬೇಡ. ಎರಡೂ ಕಡೆಯ ಮಕ್ಕಳಿದ್ದರು ಎಂದರೆ ಸಾಕು.

ಒಂದು ರಾತ್ರಿ ಊಟಕ್ಕೆ ಕೂತಾಗ ಹುಡುಗಿಯನ್ನು ಕೇಳಿದೆವು, ನಿಮ್ಮ ಊರಿನಲ್ಲಿ ನಮ್ಮ ಸಂಗೀತಕ್ಕೆ ಜನ ಬಹಳ ಬರುತ್ತಾರಂತಲ್ಲ? ಕಛೇರಿಗೆ ಸಭಾಂಗಣ ತುಂಬುತ್ತದೆ ಮಾಮು, ನಮ್ಮ ತರಗತಿಯಲ್ಲಿ ಏಳೇ ಜನ ಇದ್ದೇವೆ ಎಂದಳು. ಏಳು ಕಡಿಮೆಯಾಯಿತಲ್ಲ ಎಂದೆವು. “ನಮ್ಮ ಟೀಚರ್ ಏಳು ಭಾಳ ಆತು ಅಂತಾರ” ಎಂದು ನಕ್ಕಳು.

ಈ ಏಳು ಮತ್ತು ಆರು ನಮ್ಮ ತಲೆಯಲ್ಲಿ ಉಳಿದುಬಿಟ್ಟಿವೆ. ಸುಳ್ಳದಿಂದ ಉಣಕಲ್ಲು ದೂರವಲ್ಲ. ಅಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲ ಇದೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ, ಕೈಯಲ್ಲಿ ಕಾಸಿಲ್ಲದ ಮಕ್ಕಳು ಊಟದ ಜೊತೆ ವಿದ್ಯೆ ಪಡೆದಿದ್ದಾರೆ. ನಾವು ಈ ಹೆಸರುಗಳನ್ನು ಹೇಳಿಕೊಂಡು ಹೆಮ್ಮೆಪಟ್ಟಿದ್ದೇವೆಯೇ ಹೊರತು ನಮ್ಮ ಮೂರೂ ಮನೆಗಳಿಂದ ಒಂದು ಮಗುವನ್ನೂ ಅಂತಹ ಬಾಗಿಲಿಗೆ ಕಳಿಸಲಿಲ್ಲ. ನಮ್ಮ ಸಂಗೀತ ಅಮೆರಿಕಕ್ಕೆ ಹೋಯಿತು ಎಂದು ಪೇಪರಿನಲ್ಲಿ ಓದಿ ಖುಷಿಪಡುವುದು ಸುಲಭ. ಅಲ್ಲಿ ಅದು ಉಳಿದದ್ದು ದಿನಾ ಕೂತು ಕಲಿಸುವವರೊಬ್ಬರು, ದಿನಾ ಬಂದು ಕಲಿಯುವವರು ನ���ಲ್ಕಾರು ಜನ ಇದ್ದುದರಿಂದ. ಇಲ್ಲಿ ಅದು ಅಳಿಯುವುದಾದರೆ ಅದಕ್ಕೂ ಕಾರಣ ಅಷ್ಟೇ ಸಣ್ಣದು: ಕಲಿಸುವವರು ಇದ್ದರು, ಕಲಿಯುವ ಆಸೆಯವರೂ ಇದ್ದರು, ನಡುವೆ ಯಾರೋ ಬೇಡ ಎಂದರು, ಉಳಿದವರು ಸುಮ್ಮನಿದ್ದರು.

ಜುಲೈ 6ರಂದು ಮೊಹರಂನ ಹತ್ತನೆಯ ದಿನ. ಅದರ ಹಿಂದಿನ ರಾತ್ರಿ ಮಳೆ ನಿಂತಿತ್ತು. ಅಜ್ಜ ಕಟ್ಟೆಯ ಮೇಲೆ ಕೂತು ಹಲಗಿಯವನಿಗೆ ಸನ್ನೆ ಮಾಡಿದರು. ಏಳು ಮಕ್ಕಳು ಒಂದು ಪದ ಹಾಡಿದರು. ಸ್ಪೀಕರಿನವರು ಅಷ್ಟು ಹೊತ್ತು ಸ್ಪೀಕರು ನಿಲ್ಲಿಸಿದ್ದರು, ನಾವು ಕೇಳಿಕೊಂಡಿದ್ದೆವು. ಎಲ್ಲರಿಗೂ ಇಷ್ಟವಾಯಿತು ಎಂದು ಹೇಳಲಾರೆವು. ಕೆಲವರು ಎದ್ದು ಹೋದರು. ನಮ್ಮ ಜಮಾತಿನ ಹಿರಿಯರೊಬ್ಬರು ಮರುದಿನ ನಮ್ಮನ್ನು ಕರೆದು, ಹೆಣ್ಣುಮಕ್ಕಳನ್ನು ನಿಲ್ಲಿಸಿ ಹಾಡಿಸುವುದು ಬೇಕಿತ್ತೇ ಎಂದು ಕೇಳಿದರು. ಅವರ ಮೇಲೆ ನಮಗೆ ಗೌರವ ಇದೆ. ಸಲಾಂ ಹೇಳಿ, ಬೇಕಿತ್ತು ಎಂದೆವು. 1990ರಲ್ಲಿ ಹೇಳಬೇಕಾಗಿದ್ದ ಮಾತು ಅದು. ತಡವಾಗಿಯಾದರೂ ಬಾಯಿಂದ ಬಂತು.

ತಂಗಿ, ಮಗಳು ಹೋದ ಮೇಲೆ ಪೇಟಿಯನ್ನು ಹುಬ್ಬಳ್ಳಿಗೆ ಒಯ್ದು ರಿಪೇರಿ ಮಾಡಿಸಿದೆವು. ಹೊಸದೇ ಬಂದೀತಲ್ಲ ಎಂದು ಅಂಗಡಿಯವ ಹೇಳಿದ, ಹಳೆಯದೇ ಆಗಲಿ ಎಂದೆವು. ಈಗ ಅದು ಪಡಸಾಲೆಯಲ್ಲಿದೆ. ವಾರಕ್ಕೆ ಎರಡು ದಿನ ಅಜ್ಜ ಬರುತ್ತಾರೆ. ಆರು ಮಕ್ಕಳಲ್ಲಿ ಇಬ್ಬರು ಬಿಟ್ಟಿದ್ದಾರೆ, ಹೊಸದಾಗಿ ಒಬ್ಬಳು ಸೇರಿದ್ದಾಳೆ. ಅಜ್ಜನ ಆರೋಗ್ಯ ಮೊದಲಿನಂತಿಲ್ಲ. ಎಷ್ಟು ಪದ ಅವರಿಂದ ಈ ಮಕ್ಕಳಿಗೆ ದಾಟುತ್ತವೆ, ಎಷ್ಟು ಅವರ ಜೊತೆಗೇ ಹೋಗುತ್ತವೆ ಎಂಬ ಚಿಂತೆ ನಮ್ಮನ್ನು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ, ಅಲ್ಲಿ ಶನಿವಾರ ರಾತ್ರಿ, ತಂಗಿ ವಿಡಿಯೋ ಕರೆ ಮಾಡುತ್ತಾಳೆ. ಮೊದಲು ಎಲ್ಲರ ಯೋಗಕ್ಷೇಮ ಕೇಳುತ್ತಾಳೆ. ಆಮೇಲೆ, “ಇವತ್ತು ಎಷ್ಟು ಹುಡುಗರು ಬಂದಾರ?” ಎಂದು ಕೇಳುತ್ತಾಳೆ. ನಾವು ಎಣಿಸಿ ಹೇಳುತ್ತೇವೆ.